ಮುಟ್ಟಲೇನವ್ವಾ ಅಂತ ಕೇಳುತ್ತಿದ್ದ ಬಾಯಾರು

ಹಿತ್ತಲ ಕಟ್ಟೆಯ ಮೇಲೆ ಮಣೆ ಹಾಕಿಕೊಂಡು ಕೂತು ಜೋಳ ಹಸನು ಮಾಡುತ್ತಿದ್ದೆ. ಚೀಲದಿಂದ ಬೊಗಸೆ ಬೊಗಸೆ ಮೊರಕ್ಕೆ ಸುರಿದುಕೊಂಡು ಕೇರುವುದು, ಹೊಟ್ಟು ಹಾರಿಸುವುದು, ಹಳ್ಳು ಆರಿಸುವುದು. ಒಳಗೆ ಫೋನು ಬಡಿದುಕೊಂಡಿತು. ನಮ್ಮ ಮನೆಯವರು ಎತ್ತಿದರು. ಬಹಳ ಹೊತ್ತು ಹೂಂ, ಹೌದ್ರಿ, ಹೂಂ ಅಂತಷ್ಟೇ ಕೇಳಿಸಿತು. ಆಮೇಲೆ ಹಿತ್ತಲ ಬಾಗಿಲಿಗೆ ಬಂದು ನಿಂತು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಕೆಟ್ಟ ಸುದ್ದಿ ಹೇಳುವ ಮೊದಲು ಅವರು ಕನ್ನಡಕ ಒರೆಸುತ್ತಾರೆ.

"ಬಾಯಾರು ಹೋದರಂತ," ಅಂದರು. "ಅವರ ಯಜಮಾನರು ಬೆಳಗಾವಿಯಿಂದ ಫೋನ್ ಮಾಡಿದ್ರು. ನಿದ್ದ್ಯಾಗ ಹೋಗ್ಯಾರಂತ."

ಯಾವ ಬಾಯಾರು ಅಂತ ನಾನು ಕೇಳಲಿಲ್ಲ. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳೂ ಬಾಯಾರೇ, ದವಾಖಾನೆ ನಡೆಸುವವಳೂ ಬಾಯಾರೇ. ಆದರೆ ನಮ್ಮ ಮನೆಯಲ್ಲಿ ಬಾಯಾರು ಅಂದರೆ ಒಬ್ಬರೇ. ನಿದ್ದೆಯಲ್ಲಿ ಹೋದರು ಅನ್ನುವುದನ್ನು ಮೊದಲು ಎಣಿಸಿಕೊಂಡೆ. ಶಿವ ಕೊಡುವ ಸಣ್ಣ ಸಣ್ಣ ಕರುಣೆಗಳನ್ನು ಆಗಿಂದಾಗಲೇ ಎಣಿಸಿಕೊಳ್ಳಬೇಕು, ಇಲ್ಲದಿದ್ದರೆ ಅವು ಕೇರಿದ ಹೊಟ್ಟಿನ ಸಂಗಡ ಹಾರಿಹೋಗುತ್ತವೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬ ಹುಡುಗಿಯ ಮುಖ ಮುಚ್ಚಿಡಬೇಕೆಂದು ಊರೂರು ತಿರುಗಿದವರು ಅವರು. ಬಾಯಾರ ಹೆಸರು ಹೇಳಿದರೆ ಹುಡುಕುವವರಿಗೆ ಆ ಹುಡುಗಿಯ ತನಕ ದಾರಿ ಸಿಕ್ಕೀತು. ಆಕೆಯ ಹೆಸರೂ ಬೇಡ, ಹಳ್ಳಿಯ ಹೆಸರೂ ಬೇಡ. ಬಾಗೇವಾಡಿ ತಾಲೂಕಿನದೊಂದು ಹಳ್ಳಿ ಅಂದರೆ ಸಾಕು.

ತೊಂಬತ್ತರ ದಶಕದ ನಡುವಿನ ಮಾತು. ಬಾಯಾರು ಬಾಗೇವಾಡಿಗೆ ಕಣ್ಣಿನ ಡಾಕ್ಟರಾಗಿ ಬಂದು ನಮ್ಮ ಮನೆಯ ಬದಿಯ ಎರಡು ಖೋಲಿ ಹಿಡಿದರು. ಯಜಮಾನರಿಗೆ ಬೆಳಗಾವಿಯಲ್ಲಿ ನೌಕರಿ, ರಜೆಗೆ ಬರುವರು. ಬಂದ ದಿನವೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು "ಒಳಗ ಬರಲೇನ್ರಿ ವೈನಿ?" ಅಂದರು. ಬರ್ರಿ ಅಂದೆ. ನೀರಿನ ಕೊಡದ ಹತ್ತಿರ ಬಂದು ಮತ್ತೆ ನಿಂತು, "ಕೊಡ ಮುಟ್ಟಲೇನ್ರಿ?" ಅಂದರು. ನನಗೆ ಬೇರೆ ಅರ್ಥವಾಯಿತು. ಜಾತಿ ಕೇಳೋ ಮನಿ ನಮ್ಮದಲ್ಲರಿ, ತಗೋರಿ ಅಂದೆ. ಅವರು ನಕ್ಕರು.

"ಅದಕ್ಕಲ್ಲರಿ. ಕೊಡ ನಿಮ್ಮದಲ್ಲೇನು? ಅದಕ್ಕ ಕೇಳಿದೆ."

ದವಾಖಾನೆಯಲ್ಲೂ ಹೀಗೇ. ಎಷ್ಟೇ ಗದ್ದಲವಿರಲಿ, ರೆಪ್ಪೆ ಎತ್ತುವ ಮೊದಲು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು "ಮುಟ್ಟಲೇನವ್ವಾ?" "ಮುಟ್ಟಲೇನೋ ಯಪ್ಪಾ?" ಅನ್ನುವರು. ಹೂಂ ಅನ್ನುವ ತನಕ ಆ ಕೈ ಮುಂದೆ ಬರುತ್ತಿರಲಿಲ್ಲ. ಒಮ್ಮೆ ಮುಳವಾಡದ ಒಬ್ಬ ಮುದುಕ ಸಿಟ್ಟಿಗೆದ್ದ. "ಮುಟ್ಟಸ್ಕೊಳ್ಳಾಕ ಬಸ್ ಹತ್ತಿ ಬಂದೇನ್ರಿ. ಮುಟ್ಟದ ಕಣ್ಣು ನೋಡೋ ಮಂತ್ರ ಏನರ ಕಲತೀರೇನು?"

"ಕಣ್ಣು ನಿಂದಲ್ಲೇನೋ ಯಪ್ಪಾ. ನೀ ಹೂಂ ಅನ್ನು, ಆಮ್ಯಾಲೆ ಬೇಕಾದಷ್ಟು ಬೈಯಿ."

ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದೇ ಚಾಳಿ. ಮಾರುವಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. "ಮುಟ್ರಿ ಬಾಯಾರ, ಅವಕ್ಕೇನು ಕಣ್ಣು ಬಂದಿಲ್ಲ." ಊರಲ್ಲಿ ಅವರಿಗೆ ಮುಟ್ಟಲೇನು ಬಾಯಾರು ಅಂತಲೇ ಹೆಸರಾಯಿತು. ಗೊತ್ತಾದಾಗ ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. "ಇದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ರ ಏನು ಮಾಡಾಕ ಬರತಿತ್ತರಿ" ಅಂದರು.

ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಶರಣ್ರಿ ಅಂದರೆ ಪಿಳಿಪಿಳಿ ನೋಡುವರು, ಹತ್ತಿರ ಹೋಗಿ ಇಣುಕಿ "ನಿಮ್ಮದು ಎಡಗಣ್ಣಲ್ಲೇನು?" ಅನ್ನುವರು. ಊಟ ನಿಂತೇ ಮಾಡುವರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ನಾನು ಬಸವಣ್ಣನ ಗುಡಿಗೆ ಹೊರಟರೆ "ನಂದೂ ಒಂದು ಶರಣು ಮುಟ್ಟಸ್ರಿ ವೈನಿ, ನಂಗ ಪಾಳಿ ಐತಿ" ಅಂತ ಕೂಗುವರು. ಮುಟ್ಟಿಸುತ್ತಿದ್ದೆ. ಈಗಲೂ ಮುಟ್ಟಿಸುತ್ತೇನೆ.

ನಮ್ಮ ಸೀಮೆಯ ಕುಸುಬಿ ಸುಗ್ಗಿ ನೋಡಿದವರಿಗೆ ಗೊತ್ತು. ಎಣ್ಣೆಕಾಳಿನ ಬೆಳೆ ಅದು, ಒಣಗಿದ ಗಿಡ ಮೈತುಂಬ ಮುಳ್ಳು. ಹೆಣ್ಣುಮಕ್ಕಳು ಕಾಲಿಗೆ ಗೋಣಿ ಸುತ್ತಿಕೊಂಡು, ಕೈಗೆ ಅರಿವೆ ಕಟ್ಟಿಕೊಂಡು ಕೊಯ್ಯುತ್ತಾರೆ. ಕಣ್ಣಿಗೆ ಏನು ಕಟ್ಟಿಕೊಂಡಾರು? ಮುಳ್ಳು ಸಿಡಿದು ಹೊಕ್ಕಿತೆಂದರೆ, ಹೊಲದಿಂದ ನೇರ ಹೋಗುವುದು ನಾಲಿಗೆ ಆಡಿಸುವ ಮುದುಕಿಯ ಹತ್ತಿರ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯಿಂದ ಕಣ್ಣುಗುಡ್ಡೆ ಸವರಿ ಕಸ ತೆಗೆಯುವ ಪದ್ಧತಿ ಅದು. ಎಷ್ಟೋ ಸಲ ಕಸ ಬರುತ್ತಿತ್ತು. ಕೆಲವು ಸಲ ಕಸದ ಬೆನ್ನಿಗೆ ಕೀವು ಬಂದು, ಕಣ್ಣಲ್ಲಿ ಬೆಳ್ಳನೆ ಹೂ ಬಿದ್ದು ದೃಷ್ಟಿ ಹೋಗುತ್ತಿತ್ತು.

ಆ ಹುಡುಗಿ ತನ್ನ ಆಯಿಯ ಕೈ ಹಿಡಿದು ಬಂದದ್ದು ಹಾಗೇ, ಎಡಗಣ್ಣು ಬಾತುಕೊಂಡು. ಆಯಿ ಅಂದರೆ ಆಕೆಯ ಅವ್ವನ ಅವ್ವ, ನಾಲಿಗೆ ಆಡಿಸುವುದರಲ್ಲಿ ಹೆಸರಾದ ಮುದುಕಿ. ಮೊಮ್ಮಗಳ ಕಣ್ಣಿಗೂ ಆಕೆಯೇ ಆಡಿಸಿದ್ದಳು. ಬಾಯಾರು ಬೈಯಲಿಲ್ಲ.

"ಆಯಿ, ನಿಮ್ಮ ನಾಲಿಗಿ ಭಾಳ ಕಣ್ಣು ನೋಡಿರಬೇಕಲ್ಲ?"

"ನಿನ್ನ ಬ್ಯಾಟರಿಗಿಂತ ಹೆಚ್ಚು ನೋಡೇತಿ ತಗೋ."

"ಹಂಗಾದ್ರ ಅದಕ್ಕ ಈಗ ಪಿಂಚಣಿ ಕೊಡೂಣು. ಇನ್ನು ಕಸ ಬಿದ್ದವರನ್ನ ನನ್ನ ಕಡೆ ಕಳಸ್ರಿ. ನಿಮ್ಮ ಹೆಸರಲೇ ನೋಡತೇನಿ."

ಮುದುಕಿ ನಕ್ಕಳು. ಮಾತಿಗೆ ತಪ್ಪಲೂ ಇಲ್ಲ, ಆಮೇಲೆ ಆ ಹಳ್ಳಿಯಿಂದ ಹೆಣ್ಣುಮಕ್ಕಳು ಬರತೊಡಗಿದರು. ಹುಡುಗಿಯ ಕಣ್ಣು ನಿಧಾನಕ್ಕೆ ವಾಸಿಯಾಯಿತು. ಸಣ್ಣದೊಂದು ಹೂ ಉಳಿಯಿತು, ಆದರೆ ಕಾಣುತ್ತಿತ್ತು.

ಅಂಥ ಕಣ್ಣುಗಳ ಬಗ್ಗೆ ಬಾಯಾರಿಗೆ ಬರೆಯುವ ಆಸೆ ಹುಟ್ಟಿತು. ಡಾಕ್ಟರುಗಳು ಓದುವ ಪತ್ರಿಕೆ ಇರುತ್ತದಂತೆ, ಜರ್ನಲ್ ಅನ್ನುತ್ತಾರೆ. ಕುಸುಬಿ ಬೆಳೆಯುವ ಬೇರೆ ಊರಿನ ಡಾಕ್ಟರು ಓದಿದರೆ ಅಲ್ಲಿಯ ಹೆಣ್ಣುಮಕ್ಕಳ ಕಣ್ಣು ಉಳಿದಾವು ಅಂತ ಅವರ ಲೆಕ್ಕ. ಹುಡುಗಿಯನ್ನು ನಮ್ಮ ಪಡಸಾಲೆಯಲ್ಲೇ ಕೂರಿಸಿಕೊಂಡು ಕೇಳಿದರು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

"ಮೊದಲ ದಿನ ನಿನ್ನ ಕೇಳಿ ತಗದ ಫೋಟೋ ಐತಲ್ಲವ್ವಾ, ಅದನ್ನ ಡಾಕ್ಟರ್ ಪುಸ್ತಕದಾಗ ಹಾಕಲೇನು? ಕಣ್ಣಷ್ಟ ಕಾಣತೈತಿ. ಮಾರಿ ಕಾಣೂದಿಲ್ಲ, ಹೆಸರು ಇರೂದಿಲ್ಲ. ಬ್ಯಾಡ ಅಂದ್ರ ಬಿಡತೇನಿ, ಔಷಧ ಏನೂ ನಿಲ್ಲಸೂದಿಲ್ಲ."

ಹುಡುಗಿ ಆಯಿಯ ಕಡೆ ನೋಡಿದಳು. "ಕಣ್ಣಷ್ಟ ಆದ್ರ ಹಾಕ್ರಿ" ಅಂದಳು. ಕಣ್ಣಷ್ಟೇ ಅಂತ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು.

ಅಂದು ನನ್ನ ಕುಬಸ ಕತ್ತರಿಸುವ ಕತ್ತರಿ ಇಸಿದುಕೊಂಡರು. ಬೇರೆ ರೋಗದವರ ಫೋಟೋಕ್ಕೆ ಕಣ್ಣಿನ ಮೇಲೆ ಕರಿಪಟ್ಟಿ ಹಚ್ಚಿ ಗುರುತು ಮುಚ್ಚುತ್ತಾರಂತೆ. "ಕಣ್ಣಿನ ಡಾಕ್ಟರಿಗೆ ಆ ಭಾಗ್ಯ ಇಲ್ಲ ನೋಡ್ರಿ, ಕಣ್ಣ ತೋರಿಸಬೇಕು" ಅನ್ನುತ್ತ ಫೋಟೋದಲ್ಲಿ ಕಣ್ಣಿನ ಸುತ್ತ ಕತ್ತರಿಸಿದರು. ಉಳಿದ ಚೂರುಗಳನ್ನು, ಮೂಗು, ತುಟಿ, ಕುಂಕುಮ ಹಚ್ಚಿದ ಹಣೆ, ನನ್ನ ಕೈಗೆ ಕೊಟ್ಟು ಒಲೆಗೆ ಹಾಕಿಸಿದರು. ಅವು ಸುರುಟಿ ಬೂದಿಯಾಗುವ ತನಕ ನಿಂತು ನೋಡಿದರು.

ಲೇಖನ ಬರೆದು, ತಾವು ಹಿಂದೆ ಕಲಿತ ದೊಡ್ಡ ಊರಿನ ಪ್ರೊಫೆಸರರಿಗೆ ಒಮ್ಮೆ ನೋಡಲಿ ಅಂತ ಕಳಿಸಿದರು. ಅವರು ಬಹಳ ಚಲೋ ಐತಿ, ನಾನೇ ಅಚ್ಚಿಗೆ ಕಳಿಸುತ್ತೇನೆ ಅಂದರಂತೆ. ಕತ್ತರಿಸಿದ ಫೋಟೋ ಅಚ್ಚಿನಲ್ಲಿ ಸರಿಯಾಗಿ ಬರುವುದಿಲ್ಲ, ನೆಗೆಟಿವ್ ಬೇಕು ಅಂದರಂತೆ. ಗುರುಗಳು ಕೇಳಿದ್ದಾರೆ ಅಂತ ಬಾಯಾರು ನೆಗೆಟಿವ್ ಕಳಿಸಿದರು, ಕಣ್ಣಷ್ಟೇ ಹಾಕಬೇಕು ಅಂತ ಬರೆದೂ ಇದ್ದರು. ಅವರು ಕೇಳದೆ ಯಾರ ಕೊಡವನ್ನೂ ಮುಟ್ಟಿದವರಲ್ಲ, ಉಳಿದವರೂ ಹಾಗೇ ಅಂತ ನಂಬಿದ್ದರು.

ವರ್ಷದ ಮೇಲೆ ಜರ್ನಲ್ ಅಚ್ಚಾಗಿ ಟಪಾಲಿನಲ್ಲಿ ಬಂತು. ನಮ್ಮ ಕಟ್ಟೆಯ ಮೇಲೆ ನಿಂತೇ ಪಾಕೀಟು ಹರಿದರು. ನಾನು ಒಳಗಿಂದ "ಬಂತೇನ್ರಿ ಬಾಯಾರ? ಪೇಡೆ ಯಾವಾಗ?" ಅಂದೆ. ಹೊರಗೆ ಬಂದರೆ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು, ಬಿಸಿ ಪಾತ್ರೆ ಹಿಡಿದವರ ಹಾಗೆ. ನನಗೆ ತೋರಿಸಿದರು. ಇಡೀ ಮುಖ. ಬಾತ ಕಣ್ಣು, ಸುರಿಯುವ ಕೀವು, ನೋವಿಗೆ ಸೊಟ್ಟಾದ ಬಾಯಿ, ಹಣೆಯ ಕುಂಕುಮ. ನಮ್ಮ ಮನೆಯವರು ಹೈಸ್ಕೂಲ್ ಮಾಸ್ತರು, ಇಂಗ್ಲಿಷ್ ಓದಿ ಹೇಳಿದರು. ಫೋಟೋದ ಕೆಳಗೆ ಹುಡುಗಿಯ ವಯಸ್ಸು, ಕೂಲಿ ಕೆಲಸ, ಹಳ್ಳಿಯ ಹೆಸರು, ಮನೆಯ ಮುದುಕಿ ನಾಲಿಗೆಯಿಂದ ನೆಕ್ಕಿ ಕೆಟ್ಟ ಕಣ್ಣು ಅಂತ ಎಲ್ಲ ಇತ್ತು. ಬರೆದವರ ಸಾಲಿನಲ್ಲಿ ಪ್ರೊಫೆಸರರ ಹೆಸರು ಮೊದಲು, ಬಾಯಾರದು ಕೊನೆಗೆ.

"ನಡುವಿನವರು ಯಾರ್ರಿ?" ಅಂತ ಕೇಳಿದರು ನಮ್ಮವರು.

"ನಂಗೂ ಗೊತ್ತಿಲ್ರಿ. ಅವರ ಅಳಿಯ ಇರಬೇಕು."

"ಮದುವಿ ಪತ್ರಿಕಿ ಇದ್ದಂಗಾತು ಬಿಡ್ರಿ. ಬೀಗರ ಹೆಸರೆಲ್ಲ ಮ್ಯಾಲೆ, ಹಡದಾಕಿದು ಕೆಳಗ."

ಬಾಯಾರು ನಗಲಿಲ್ಲ. "ಹೆಸರಿನ ಮಾತು ಬಿಡ್ರಿ ಮಾಸ್ತರ," ಅಂದರು. "ನನ್ನ ಹೆಸರು ತಗದು ಆಕಿ ಮಾರಿ ಮುಚ್ಚಿದ್ರ ಸಾಕಿತ್ತು."

ನಮ್ಮ ಪಡಸಾಲೆಯಿಂದಲೇ ಪ್ರೊಫೆಸರರಿಗೆ ಫೋನು ಮಾಡಿದರು. ಆ ಕಡೆಯ ದನಿ ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಅದಕ್ಯಾಕಮ್ಮ ಇಷ್ಟು ಗಾಬರಿ? ಆ ಹಳ್ಳಿ ಹುಡುಗಿ ಏನು ಜರ್ನಲ್ ಓದ್ತಾಳಾ? ಮುಖ ಇದ್ರೆ ಲೇಖನಕ್ಕೆ ಒಂದು ತೂಕ. ನಿಮ್ಮ ಹೆಸರೂ ಹಾಕಿದೀನಲ್ಲ."

"ಸರ್, ಆಕಿಗೆ ನಾ ಕಣ್ಣಷ್ಟ ಅಂತ ಮಾತು ಕೊಟ್ಟೇನ್ರಿ."

"ಹೆಬ್ಬೆಟ್ಟಿದೆಯಲ್ಲ, ಸಾಕು ಬಿಡಿ."

ಪತ್ರಿಕೆಯ ಸಂಪಾದಕರಿಗೆ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ಆ ದಿನಗಳಲ್ಲಿ ಬಾಯಾರು ಟಪಾಲಿನವನನ್ನು ಕಂಡರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವರು, ರೋಗಿಯ ಹೂಂ ಕಾಯುವ ಹಾಗೆ.

ಅಷ್ಟರಲ್ಲೇ ಮುಗಿದಿದ್ದರೆ ಆ ಪುಸ್ತಕ ಡಾಕ್ಟರುಗಳ ಕಪಾಟಿನಲ್ಲಿ ಮಲಗಿರುತ್ತಿತ್ತೇನೋ. ಒಂದು ದಿನ ನಮ್ಮ ಮನೆಯವರು ಗುಳಿಗೆ ತರಲು ಹೋದವರು ಬರಿಗೈಯಲ್ಲಿ ಬಂದು ಕನ್ನಡಕ ಒರೆಸುತ್ತ ನಿಂತರು.

"ಔಷಧ ಅಂಗಡಿ ಗ್ವಾಡಿ ಮ್ಯಾಲೆ ಆ ಹುಡುಗಿ ಅದಾಳ."

ಕಣ್ಣಿನ ಹನಿ ತಯಾರಿಸುವ ಒಂದು ಕಂಪನಿ ಆ ಫೋಟೋ ಹಾಕಿ ಬಣ್ಣದ ದೊಡ್ಡ ಹಾಳೆ ಅಚ್ಚು ಮಾಡಿಸಿತ್ತು. ಮುಖದ ಪಕ್ಕ ಔಷಧದ ಸೀಸೆ. ಕೆಳಗೆ ಜರ್ನಲ್ಲಿನ ಬರಹವೇ, ಹಳ್ಳಿಯ ಹೆಸರು, ನಾಲಿಗೆಯ ಮಾತು ಸಮೇತ. ಪ್ರೊಫೆಸರರೇ ಫೋಟೋ ಕೊಟ್ಟಿದ್ದರಂತೆ. ಈ ಹನಿಯಿಂದ ಈ ಕಣ್ಣು ವಾಸಿಯಾಯಿತು ಅಂತ ಬರೆದಿತ್ತು. ಬಾಯಾರು ಓಡಿಹೋಗಿ ನೋಡಿ ಬಂದು ಕಟ್ಟೆಯ ಮೇಲೆ ಕೂತರು.

"ನಾ ಆಕಿಗೆ ಆ ಹನಿ ಹಾಕೇ ಇಲ್ಲರಿ ವೈನಿ. ನಾ ಹಾಕಿದ್ದ ಬ್ಯಾರೆ."

ಔಷಧ ಕಂಪನಿಯ ಹುಡುಗ ಬ್ಯಾಗು ಹಿಡಿದು ದವಾಖಾನೆಗೆ ಬಂದಾಗ ಹಿಡಿದು ಕೇಳಿದರು. ಆತ ಕೆಟ್ಟವನೇನಲ್ಲ. "ಮೇಡಂ, ಮ್ಯಾಲಿನವರು ಕೊಟ್ಟಿದ್ದನ್ನ ಅಂಟಸ್ತೀನ್ರಿ ನಾನು. ಜಿಲ್ಲಾ ತುಂಬ ಅಂಟಿಸಿ ಆತ್ರಿ. ಸ್ವಲ್ಪ ದಿವಸಕ್ಕ ಹೊಸದು ಬರತಾವು, ಆಗ ಇದು ತಾನ ಹೋಗತೈತಿ ಬಿಡ್ರಿ" ಅಂದ.

ಅದು ತಾನಾಗಿ ಹೋಗುವ ಮೊದಲೇ ಕುಸುಬಿ ಸುಗ್ಗಿ ಬಂತು.

ಹುಡುಗಿಗೆ ಅಷ್ಟರಲ್ಲಿ ಮದುವೆಯಾಗಿತ್ತು, ಗಂಡನ ಮನೆ ಸಿಂದಗಿಯಲ್ಲಿ. ಅಲ್ಲಿಯ ಅಂಗಡಿಯ ಗೋಡೆ ಮೇಲೂ ಆಕೆ ಇದ್ದಳು. ಅಂಗಡಿಯ ಹುಡುಗ ಕೆಳಗಿನ ಇಂಗ್ಲಿಷನ್ನು ಕನ್ನಡ ಮಾಡಿ ಹೋಗಿ ಬರುವವರಿಗೆ ಹೇಳಿದ. ಕಣ್ಣು ನೆಕ್ಕಿಸಿಕೊಂಡಾಕಿ ಅಂತ ಓಣಿಯಲ್ಲಿ ಆಡಿಕೊಂಡರು. ಅತ್ತೆ ತವರಿಗೆ ಕಳಿಸಿದಳು, ಕರೆಸಿಕೊಳ್ಳಲಿಲ್ಲ. ಆಕೆ ಆಯಿಯ ಸಂಗಡ ಕುಸುಬಿ ಕೊಯ್ಯಲು ಹೋದಳು. ಮುಳ್ಳು ಸಿಡಿದು ಬಲಗಣ್ಣಿಗೆ ಬಡಿಯಿತು, ಇಷ್ಟು ದಿನ ಚೆನ್ನಾಗಿದ್ದ ಕಣ್ಣಿಗೆ. ಹುಡುಗಿ ದವಾಖಾನೆಗೆ ಬರಲಿಲ್ಲ. ಆ ಹಳ್ಳಿಯಿಂದ ಬಂದ ಬೇರೊಬ್ಬಾಕೆಯ ಬಾಯಿಂದ ಬಾಯಾರಿಗೆ ಸುದ್ದಿ ತಿಳಿಯಿತು.

ಆ ಗಳಿಗೆಯೇ ಹೊರಟರು. "ಒಬ್ಬಾಕಿ ಹ್ವಾದ್ರ ಬಾಗಲಾ ತಗಿಯೂದಿಲ್ಲ ವೈನಿ, ಬರ್ರಿ" ಅಂದಾಗ ಸೆರಗು ಹೊದ್ದುಕೊಂಡು ನಾನೂ ಬಸ್ಸು ಹತ್ತಿದೆ. ಹುಡುಗಿ ಬಾಗಿಲ ಹಿಂದೆ ಇದ್ದಳು. ಹೊಸ್ತಿಲಲ್ಲಿ ಆಯಿ ಕೂತಿದ್ದಳು, ಏಳಲಿಲ್ಲ.

"ಬಾಯಾರ, ನನ್ನ ನಾಲಿಗಿಗೆ ಪಿಂಚಣಿ ಕೊಡತೇನಿ ಅಂದ್ರಿ. ಊರಿಗೆಲ್ಲ ಡಂಗುರಾ ಹೊಡಿಸಿದ್ರಿ."

"ತಪ್ಪಾಗೇತಿ ಆಯಿ. ಮೊದಲ ಕಣ್ಣು ನೋಡತೇನಿ, ಆಮ್ಯಾಲೆ ಬೈರಿ."

"ನಾಲಿಗಿ ನಾನೂ ಆಡಸೂದಿಲ್ಲ, ನೀವೂ ಮುಟ್ಟಬ್ಯಾಡ್ರಿ. ಆಕಿದು ಒಂದ ಮಾತು. ನನ್ನ ಮಾರಿ ಅಂಗಡಿ ಅಂಗಡ್ಯಾಗಿಂದ ತಗಸ್ರಿ, ಆಮ್ಯಾಲೆ ಕಣ್ಣು ತೋರಸ್ತೇನಿ ಅಂತಾಳ."

ಬಾಯಾರು ಬಾಗಿಲಿಗೆ ಮುಖವಿಟ್ಟು ಕಾಡಿ ಬೇಡಿದರು. ಕಣ್ಣಿಗೆ ಪುರುಸೊತ್ತಿಲ್ಲವ್ವಾ, ಅದು ಕಾಯೂದಿಲ್ಲ ಅಂದರು. ಒಳಗಿಂದ ಉಸಿರಿನ ಸಪ್ಪಳವಷ್ಟೇ. ಹನಿಯ ಸೀಸೆ ಹೊಸ್ತಿಲ ಮೇಲಿಟ್ಟು ಬಂದೆವು. ಮರುದಿನ ಹೋದಾಗ ಅದು ಇಟ್ಟಲ್ಲೇ ಇತ್ತು. ಅಂಗಡಿಯ ಗೋಡೆಯ ಮೇಲೆ ತನ್ನ ಮುಖದ ಪಕ್ಕ ನಿಂತ ಸೀಸೆಯೂ ಇದೂ ಆಕೆಗೆ ಒಂದೇ ಕಂಡಿರಬೇಕು. ದವಾಖಾನೆಯ ದೊಡ್ಡ ಅಧಿಕಾರ ಇತ್ತಲ್ಲ, ಬಾಗಿಲು ಒದ್ದಾದರೂ ಒಳಗೆ ಹೋಗಬಹುದಿತ್ತು ಅಂತ ನಮ್ಮವರು ಅಂದರು. ಬಾಯಾರು ಕೈ ಬೆನ್ನ ಹಿಂದೆ ಕಟ್ಟಿಕೊಂಡರು, ಅಷ್ಟೇ.

ಆಮೇಲೆ ಶುರುವಾಯಿತು ನಮ್ಮಿಬ್ಬರ ತಿರುಗಾಟ. ಬಾಗೇವಾಡಿಯ ಅಂಗಡಿಗಳವರು ಗೊತ್ತಿದ್ದವರು, ಕೇಳಿದ ಕೂಡಲೇ ಕಿತ್ತು ಕೊಟ್ಟರು. ಅಲ್ಲಿಂದ ಮುದ್ದೇಬಿಹಾಳ. ಅಂಗಡಿಯವ ಗಿರಾಕಿಗೆ ಗುಳಿಗೆ ಎಣಿಸುತ್ತ, ತಲೆ ಎತ್ತದೆ "ಕಂಪನಿ ಮಾಲ್ರಿ ಅದು, ಕೇಳಿದ್ರ ಏನು ಹೇಳಲಿ?" ಅಂದ. ಬಾಯಾರು ಜಗಳ ಮಾಡಲಿಲ್ಲ. ಗಿರಾಕಿಗಳೆಲ್ಲ ಹೋಗುವ ತನಕ ಬಿಸಿಲಲ್ಲಿ ನಿಂತರು. ಕೊನೆಗೆ ಆತನೇ ಬೇಸತ್ತು "ಒಯ್ರಿ ಒಯ್ರಿ, ಏನಂಥಾ ಬಂಗಾರ" ಅಂತ ಹರಿದು ಕೊಟ್ಟ. ಹರಿದದ್ದು ನೇರ ಮುಖದ ನಡುವೆಯೇ. ಬಾಯಾರು ಎರಡೂ ತುಂಡು ಜೋಡಿಸಿ ಸುರುಳಿ ಮಾಡಿದರು.

ತಾಳಿಕೋಟೆಯಲ್ಲಿ ಒಬ್ಬ ವಯಸ್ಸಾದ ಅಂಗಡಿಯವ ಕೇಳಿದ, "ಯಾಕ್ರಿ ಅಕ್ಕಾರ, ಈಕಿ ನಿಮಗೇನಾಗಬೇಕು?"

"ತಂಗಿ," ಅಂದರು ಬಾಯಾರು.

ಆತ ಹಾಳೆಯನ್ನೂ ನೋಡಿದ, ಇವರನ್ನೂ ನೋಡಿದ. ಮೊಳೆ ಒಂದೊಂದೇ ಕಿತ್ತು, ಹರಿಯದ ಹಾಗೆ ಮಡಚಿ ಕೊಟ್ಟು, ಕುಡಿಯಲು ನೀರು ಕೊಟ್ಟ. ಆ ಅಂಗಡಿಯವನನ್ನು ನಾನು ಕರುಣೆಗಳ ಸಾಲಿನಲ್ಲಿ ಇಟ್ಟಿದ್ದೇನೆ.

ಸಿಂದಗಿಯಲ್ಲಿ ಹುಡುಗಿಯ ಅತ್ತೆ ಹಾಯುವ ಹಾದಿಯ ಅಂಗಡಿ. ಇಂಗ್ಲಿಷ್ ಕನ್ನಡ ಮಾಡಿದ ಹುಡುಗ ಅಲ್ಲೇ ಕೂತಿದ್ದ. "ನೀವ ಬರದದ್ದಲ್ಲೇನ್ರಿ ಬಾಯಾರ? ಕೆಳಗ ನಿಮ್ಮ ಹೆಸರೈತಿ" ಅಂದ. ಸಣ್ಣ ಅಕ್ಷರದಲ್ಲಿ ಇತ್ತು. ಅಷ್ಟು ದಿನ ನಾನು ಗಮನಿಸಿರಲಿಲ್ಲ. ಬಾಯಾರು ಹೌದಪ್ಪಾ, ನಂದ ಅಂದರು. ಅವರ ಕಿವಿ ಕೆಂಪಾಗಿತ್ತು.

ಇಂಡಿಯಲ್ಲಿ ಒಬ್ಬ ಡಾಕ್ಟರರು ಆ ಹಾಳೆಗೆ ಕಟ್ಟು ಹಾಕಿಸಿ, ಗಾಜು ಕೂರಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದ್ದರು. ಬಾಯಾರನ್ನು ಕಂಡು ಎದ್ದು ನಿಂತರು. "ನಮ್ಮ ಜಿಲ್ಲಾದವರ ಲೇಖನ ಅಂತ ಅಭಿಮಾನದಿಂದ ಹಾಕಿಸೇನ್ರಿ. ನೀವು ಬಂದದ್ದು ಭಾಳ ಸಂತೋಷ. ಚಾ ತರಸ್ಲೇನು?" ಅಂದರು. ವಿಷಯ ಕೇಳಿ ಗೋಡೆಯಿಂದ ಇಳಿಸಿದರೇನೋ ಹೌದು. "ಆದರೂ ಮೇಡಂ, ಒಂದು ಮಾರಿಗೆ ಇಷ್ಟಾ?" ಅಂದರು. ಅವರೂ ಒಳ್ಳೆಯವರೇ. ಆ ತಿರುಗಾಟದಲ್ಲಿ ನಮಗೆ ಕೆಟ್ಟವರು ಅಂತ ಒಬ್ಬರೂ ಸಿಗಲಿಲ್ಲ. ಸಿಕ್ಕಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಇಂಡಿಯಿಂದ ನೇರ ಹಳ್ಳಿಗೇ ಹೋದೆವು. ಬಾಯಾರ ಕಂಕುಳಲ್ಲಿ ದೊಡ್ಡ ಸುರುಳಿ. ಆಯಿಯ ಮುಂದೆ ಅಂಗಳದಲ್ಲಿ ಹಾಸಿದರು. ಗಾಳಿಗೆ ಹಾರದಂತೆ ನಾನು ಮೂಲೆಗಳಿಗೆ ಕಲ್ಲಿಟ್ಟೆ. ಬಾಗಿಲು ತೆರೆಯಿತು. ಹುಡುಗಿ ಗೋಡೆ ಹಿಡಿದುಕೊಂಡು ಬಂದಳು, ಬಲಗಣ್ಣಿಗೆ ಸೆರಗು ಒತ್ತಿಕೊಂಡಿದ್ದಳು. ಆಗ ನನಗೆ ಹೊಳೆಯಿತು, ಆಕೆ ಆ ಹಾಳೆಯನ್ನು ಒಮ್ಮೆಯೂ ನೋಡಿರಲಿಲ್ಲ, ಕೇಳಿದ್ದಷ್ಟೇ. ಬಗ್ಗಿ, ಹೂ ಬಿದ್ದ ಎಡಗಣ್ಣನ್ನು ಹಾಳೆಗೆ ತಾಕುವಷ್ಟು ಹತ್ತಿರ ಒಯ್ದು ನೋಡಿದಳು.

"ಇದ ಏನು ನಾನು?" ಅಂದಳು.

ಆಯಿ ಹಾಳೆಯ ಸುಕ್ಕನ್ನು ಅಂಗೈಯಿಂದ ಸವರಿದಳು.

"ಮದುವ್ಯಾಗೂ ಒಂದು ಫೋಟೋ ತಗಸಿದ್ದಿಲ್ಲ ಈಕಿದು," ಅಂದಳು ಆಯಿ. ಅಷ್ಟು ಅಂದು ಅಳತೊಡಗಿದಳು.

ಬಾಯಾರು ಕೈ ಹಿಂದೆ ಕಟ್ಟಿಕೊಂಡು ನಿಂತರು. ನಾನು ಮನಸ್ಸಿನಲ್ಲೇ ಶಿವನ ಹೆಸರು ಹೇಳುತ್ತಿದ್ದೆ.

"ಮುಟ್ಟಲೇನವ್ವಾ?"

ಅಂಗಳದಲ್ಲಿ ಹಾಳೆಗಳು ಪಟಪಟ ಅನ್ನುತ್ತಿದ್ದವು.

"ಮುಟ್ರಿ," ಅಂದಳು ಹುಡುಗಿ.

ಬಾಯಾರು ಸೆರಗು ಸರಿಸಿ ರೆಪ್ಪೆ ಎತ್ತಿದರು. ನಾನು ಅವರ ಮುಖ ನೋಡುತ್ತಿದ್ದೆ. ಅದರಲ್ಲಿ ಏನೂ ತೋರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ, ಹುಡುಗಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ ಮೇಲೆ, ನನಗಷ್ಟೇ ಕೇಳುವಂತೆ ಅಂದರು, "ತಡಾ ಆತ್ರಿ ವೈನಿ."

ಆ ಕಣ್ಣು ಹೋಯಿತು. ಎಷ್ಟು ಬಡಿದಾಡಿದರೂ ಪೂರ್ತಿ ಬಿಳಿ ಹೂ ಬಿತ್ತು. ಮೊದಲು ವಾಸಿಯಾದ ಎಡಗಣ್ಣು ಉಳಿಯಿತು, ಅದರಲ್ಲೇ ಆಕೆ ಇವತ್ತಿಗೂ ಕಾಣುತ್ತಾಳೆ. ಗಂಡ ಬಂದು ಕರೆದುಕೊಂಡು ಹೋದ. ಇವೆರಡನ್ನೂ ನಾನು ದಿನಾ ಲಿಂಗಪೂಜೆಯ ಹೊತ್ತಿಗೆ ನೆನೆಯುತ್ತೇನೆ.

ಹಾಳೆಗಳನ್ನು ಏನು ಮಾಡಲಿ ಅಂತಲೂ ಬಾಯಾರು ಆಕೆಯನ್ನೇ ಕೇಳಿದ್ದರು. ಸುಡ್ರಿ ಅಂದಿದ್ದಳು. ನನ್ನ ಒಲೆಗೆ ಹಾಕಿದೆವು. ಆ ಹಾಳೆ ಲಗುಬಗೆ ಸುಡುವುದಿಲ್ಲ, ಮೇಲೆ ಮೇಣದಂಥದ್ದೇನೋ ಹಚ್ಚಿರುತ್ತಾರೆ. ಕಟ್ಟಿಗೆಯಿಂದ ತಿವಿದು ತಿವಿದು ಸುಡಬೇಕಾಯಿತು.

ಸಂಪಾದಕರ ಉತ್ತರ ಕೊನೆಗೂ ಬಂತು. ಒಪ್ಪಿಗೆ ಪಡೆದಿದ್ದೇವೆಂದು ಮೊದಲ ಲೇಖಕರು ಸಹಿ ಮಾಡಿದ್ದಾರೆ, ಅದರ ಹೊಣೆ ಅವರದು, ಹಂಚಿದ ಸಂಚಿಕೆಯನ್ನು ಹಿಂದಕ್ಕೆ ತರಿಸುವ ರೂಢಿ ಇಲ್ಲ ಅಂತ. ಮರ್ಯಾದೆಯ ಭಾಷೆಯಲ್ಲೇ ಬರೆದಿದ್ದರು. ಬಾಯಾರು ಓದಿ ನಮ್ಮವರ ಕೈಗೆ ಕೊಟ್ಟರು. "ಅಂಗಡಿ ಗ್ವಾಡಿ ಮ್ಯಾಲಿಂದು ತಗದೆ ಮಾಸ್ತರ. ಲೈಬ್ರರಿ ಕಪಾಟಿನ್ಯಾಗಿಂದು ಹೆಂಗ ತಗೀಲಿ?" ಅಂದರು. ಮತ್ತೆಂದೂ ಅವರು ಜರ್ನಲ್ಲಿಗೆ ಬರೆಯಲಿಲ್ಲ. ಕುಸುಬಿ ಮುಳ್ಳಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಎಷ್ಟೋ ಇತ್ತು, ಅವರ ಸಂಗಡವೇ ಉಳಿಯಿತು. ಆ ಪ್ರೊಫೆಸರರಿಗೆ ಅದೇ ಲೇಖನಕ್ಕೆ ಎಲ್ಲೋ ಸನ್ಮಾನವಾಯಿತು ಅಂತ ಕೇಳಿದೆವು.

ಮುಂದೆ ಅವರಿಗೆ ವರ್ಗವಾಯಿತು. ಎರಡು ಸಾವಿರದ ನಂತರ ಒಮ್ಮೆ, ಇಲ್ಲಿ ಯಾರದೋ ಮದುವೆಗೆ ಬಂದವರು ನಮ್ಮ ಮನೆಗೂ ಬಂದರು. ತಲೆ ಬೆಳ್ಳಗಾಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅದೇ ಹಳೆಯ ಹಾಗೆ ಒಳಗ ಬರಲೇನ್ರಿ ಅಂದರು. ರೊಟ್ಟಿ ಹಿಂಡಿ ಬಡಿಸಿ ಕೊಟ್ಟೆ. ತಟ್ಟೆ ಹಿಡಿದು ನಿಂತೇ ಇದ್ದರು, ತಿನ್ನಲಿಲ್ಲ.

"ವೈನಿ, ಹಳೆ ಜರ್ನಲ್ ಎಲ್ಲಾ ಈಗ ಕಂಪ್ಯೂಟರಿಗೆ ಏರಸಾಕತ್ತಾರ. ನಮ್ಮ ದವಾಖಾನಿಗೆ ಬಂದ ಹೊಸ ಡಾಕ್ಟರ್ ಒಬ್ಬಾಂವ ಕುಸುಬಿ ಮುಳ್ಳು, ಕಣ್ಣು ಅಂತ ಟೈಪ್ ಹೊಡದ. ಆಕಿನ ಬಂದ್ಲು. ಯಾವ ಊರಾಗ ಕುಂತು ಯಾರು ಹೊಡದ್ರೂ ಬರತಾಳಂತ."

ನನಗೆ ಕಂಪ್ಯೂಟರ್ ಅಂದರೆ ಬ್ಯಾಂಕಿನಲ್ಲಿ ಕಂಡದ್ದಷ್ಟೇ.

"ಈಗ ಯಾವ ಬಸ್ ಹಿಡೀಲ್ರಿ?" ಅಂದರು ಬಾಯಾರು.

ನಿಜವಾಗಿಯೂ ನನ್ನಿಂದ ಉತ್ತರ ಬಂದೀತು ಅನ್ನುವ ಹಾಗೆ ಕೇಳಿದ್ದರು. ನಾನು ರೊಟ್ಟಿಯ ಮೇಲೆ ಇನ್ನೊಂದು ಚಮಚ ಮೊಸರು ಹಾಕಿದೆ. ಅವರನ್ನು ನೋಡಿದ್ದು ಅದೇ ಕೊನೆ.

ಆ ಹುಡುಗಿ ಈಗ ಎಲ್ಲಿದ್ದಾಳೆ ಅಂತಲೂ ಬರೆಯುವುದಿಲ್ಲ. ನನಗೆ ಆಗಾಗ ಸಿಗುತ್ತಾಳೆ. ನಾನು ಯಾವಾಗಲೂ ಆಕೆಯ ಎಡಕ್ಕೆ ನಿಂತು ಮಾತಾಡಿಸುತ್ತೇನೆ. ಕಂಪ್ಯೂಟರಿನ ಸಂಗತಿ ಆಕೆಗೆ ಗೊತ್ತಿಲ್ಲ. ಬಾಯಾರು ಹೇಳಿರಲಿಲ್ಲ, ನಾನೂ ಹೇಳಿಲ್ಲ. ಬಾಯಾರು ಹೋದ ಸುದ್ದಿ ಮಾತ್ರ ಮುಟ್ಟಿಸಬೇಕು. ಮೊದಲು ಕೇಳುತ್ತೇನೆ. ಒಂದು ಸುದ್ದಿ ಐತಿ, ಹೇಳಲೇನವ್ವಾ ಅಂತ. ಆಕೆ ಬ್ಯಾಡ ಅಂದರೆ ಸುಮ್ಮನೆ ಬರುತ್ತೇನೆ.

ನಮ್ಮ ಮನೆಯವರು ಇನ್ನೂ ಬಾಗಿಲಲ್ಲೇ ನಿಂತಿದ್ದರು. "ಬೆಳಗಾವಿಗೆ ಹೋಗಿ ಬರೂಣೇನು?" ಅಂದರು. ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿರುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಗುಡಿಗೆ ಹೋಗಿ ಅವರ ಶರಣು ಮುಟ್ಟಿಸಿ ಬರತೇನಿ, ನೀವು ಚಾಕ್ಕ ಇಡ್ರಿ ಅಂದೆ. ಅವರು ಒಳಗೆ ಹೋದರು.

ಗುಡಿಗೆ ಹೋಗುವ ಮೊದಲು ಬಿಚ್ಚಿದ ಚೀಲ ಮುಗಿಸಬೇಕಿತ್ತು. ಗಾಳಿ ಆಗಲೇ ದಿಕ್ಕು ಬದಲಿಸಿ ಹೊಟ್ಟನ್ನು ಮುಖಕ್ಕೇ ತರುತ್ತಿತ್ತು. ಗಾಳಿಗೆ ಬೆನ್ನು ಕೊಟ್ಟು ಕೇರಬೇಕು ವೈನಿ, ಅನ್ನುತ್ತಿದ್ದರು ಬಾಯಾರು. ಎದ್ದು ಮಣೆ ಆ ಕಡೆಗೆ ತಿರುಗಿಸಿ ಹಾಕಿಕೊಂಡು ಕೂತೆ. ಮೊರಕ್ಕೆ ಒಂದು ಬೊಗಸೆ ಜೋಳ ಸುರಿದುಕೊಂಡೆ.